ಕೈ ಬಿಡೋದು ಬೇರೆ, ಕೈ ಹಾಕದಿರೋದು ಬೇರೆ



ಹೋದ ವಾರ ನನಗೊಂದು ಮೇಲ್ ಬಂತು. ಬರೆದವರು ನನ್ನದೇ ವಯಸ್ಸಿನವರು, ನನ್ನ ಹಾಗೇ ಎಂಜಿನಿಯರಿಂಗ್ ಓದಿದವರು. ಸಾಫ್ಟ್‌ವೇರ್ ಕೆಲಸ ಬಿಟ್ಟು ಎರಡು ಎಕರೆ ಜಮೀನು ತಗೊಂಡಿದ್ದಾರೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ನಿಮಗೆ ಗೊತ್ತು. ಅವರು ಬರೆದದ್ದು ಇಷ್ಟು: "ಉಳಬಾರದು, ಗೊಬ್ಬರ ಹಾಕಬಾರದು, ಕಳೆ ಕೀಳಬಾರದು, ಔಷಧಿ ಹೊಡೆಯಬಾರದು, ಪ್ರಕೃತಿ ಎಲ್ಲಾ ನೋಡ್ಕೊಳ್ಳುತ್ತೆ ಅಂತ ನಂಬಿದೆ ಸಾರ್. ಎರಡು ವರ್ಷ ಆಯ್ತು. ಹೊಲದಲ್ಲಿ ಹುಲ್ಲು ಬಿಟ್ಟರೆ ಇನ್ನೇನೂ ಇಲ್ಲ. ಹೆಂಡತಿ ಒಡವೆ ಬ್ಯಾಂಕಿನಲ್ಲಿದೆ. ನಾನು ಎಲ್ಲಿ ತಪ್ಪಿದೆ?"

ಕೊನೆಯಲ್ಲಿ ಇನ್ನೊಂದು ಸಾಲಿತ್ತು. "ನಿಮ್ಮ ಚಾನೆಲ್ ಕಾರ್ಯಕ್ರಮ ನೋಡಿಯೇ ನನಗೆ ಧೈರ್ಯ ಬಂದಿದ್ದು."

ಆ ಕಾರ್ಯಕ್ರಮಕ್ಕೆ ವಾಯ್ಸ್ ಕೊಟ್ಟವನು ನಾನೇ. ಹಸಿರು ತೋಟ, ಹಿಂದೆ ಕೊಳಲಿನ ಸಂಗೀತ, ಅರ್ಧ ಗಂಟೆಯಲ್ಲಿ ಗೆಲುವಿನ ಕಥೆ. ಸೋತ ವರ್ಷಗಳನ್ನ ನಾವು ತೋರಿಸಲಿಲ್ಲ. ಆದ್ದರಿಂದ ಇವತ್ತಿನ ಮಾತು ಅವರಿಗೆ ನಾನು ಕೊಡಬೇಕಾದ ಉತ್ತರ.

ಅವರು ಪಾಲಿಸಿದ ಆ ನಾಲ್ಕು ಸೂತ್ರಗಳು ಜಪಾನಿನ ಮಸನೊಬು ಫುಕುವೊಕಾ ಅವರದ್ದು. ನಮ್ಮ ಪೂರ್ಣಚಂದ್ರ ತೇಜಸ್ವಿಯವರು 'ಸಹಜ ಕೃಷಿ' ಪುಸ್ತಕದಲ್ಲಿ ಕನ್ನಡಿಗರಿಗೆ ಪರಿಚಯಿಸಿದ್ದು ಇವರನ್ನೇ. ಫುಕುವೊಕಾ ಹುಟ್ಟಿದ್ದು 1913ರಲ್ಲಿ. ಯೊಕೊಹಾಮಾ ಬಂದರಿನಲ್ಲಿ ಸಸಿ, ಹಣ್ಣುಗಳ ರೋಗ ತಪಾಸಣೆ ಮಾಡುವ ವಿಜ್ಞಾನಿಯಾಗಿದ್ದರು. ಇಪ್ಪತ್ತೈದನೇ ವಯಸ್ಸಿಗೆ ಕಾಯಿಲೆ ಬಿದ್ದು, ಸಾವು ಬದುಕಿನ ಯೋಚನೆಗೆ ಸಿಕ್ಕರು. ಒಂದು ಬೆಳಗಿನ ಜಾವ ಅವರಿಗೆ ಅನಿಸಿತು: ಮನುಷ್ಯನಿಗೆ ಗೊತ್ತಿರೋದು ಏನೂ ಇಲ್ಲ, ಅವನ ಓಡಾಟವೆಲ್ಲ ವ್ಯರ್ಥ. ಕೆಲಸ ಬಿಟ್ಟು ಊರಿಗೆ ಬಂದರು.

ಮುಂದೆ ಆಗಿದ್ದನ್ನ ನಾವು ಕಾರ್ಯಕ್ರಮದಲ್ಲಿ ಹೇಳಲಿಲ್ಲ. ಊರಿನಲ್ಲಿ ಅಪ್ಪನ ಕಿತ್ತಳೆ ತೋಟ ಇತ್ತು. ವರ್ಷವರ್ಷ ಕೊಂಬೆ ಸವರಿ ಬೆಳೆಸಿದ ಮರಗಳು. ಮಗ ಬಂದವರೇ ಸವರೋದು ನಿಲ್ಲಿಸಿದರು. ಪ್ರಕೃತಿಗೆ ಬಿಟ್ಟೆ ಅಂದುಕೊಂಡರು. ಕೊಂಬೆಗೆ ಕೊಂಬೆ ಸಿಕ್ಕಿಕೊಂಡಿತು, ಹುಳ ಬಿತ್ತು, ಮರಗಳು ಒಣಗಿಹೋದವು. ಒಂದೆರಡು ಮರ ಅಲ್ಲ, ನೂರಾರು.

ಫುಕುವೊಕಾ ಇದನ್ನ ಮುಚ್ಚಿಡಲಿಲ್ಲ, ತಮ್ಮ ಪುಸ್ತಕದಲ್ಲೇ ಬರೆದರು. ತಾನು ಮಾಡಿದ್ದು ಸಹಜ ಕೃಷಿ ಅಲ್ಲ, ಮರಗಳ ಕೈ ಬಿಟ್ಟದ್ದು ಅಂತ ಅವರಿಗೆ ಅರ್ಥ ಆಯ್ತು. ಕತ್ತರಿ ಕಂಡು ಬೆಳೆದ ಮರ ತನ್ನ ಸಹಜ ಆಕಾರವನ್ನೇ ಕಳೆದುಕೊಂಡಿರುತ್ತೆ. ಅದಕ್ಕೆ ನಾಳೆಯಿಂದ ನೀನು ಸ್ವತಂತ್ರ ಅಂದರೆ ಬದುಕೋದು ಹೇಗೆ? ಆಮೇಲೆ ಯುದ್ಧದ ಕಾಲದಲ್ಲಿ ಕೊಚಿ ಪ್ರಾಂತ್ಯದ ಕೃಷಿ ಸಂಶೋಧನಾ ಕೇಂದ್ರದಲ್ಲಿ ದುಡಿದರು. ಮತ್ತೆ ಊರಿಗೆ ಬಂದು ಹೊಲದ ಮುಂದೆ ಕೂತು ನೋಡಿದರು. ಭತ್ತ ಕೊಯ್ಯುವ ಮೊದಲೇ ಅದರ ನಡುವೆ ಬಿಳಿ ಕ್ಲೋವರ್ ಮತ್ತು ಬಾರ್ಲಿ ಬೀಜ ಚೆಲ್ಲೋದು, ಕೊಯ್ದ ಮೇಲೆ ಹುಲ್ಲನ್ನ ವಾಪಸ್ ಹೊಲಕ್ಕೇ ಹರಡೋದು. ಇಂಥ ಒಂದೊಂದು ಕೆಲಸವೂ ಕೂಡಿಬರೋಕೆ ವರ್ಷಗಳೇ ಹಿಡಿದವು. 'ಒಂದು ಹುಲ್ಲಿನ ಕ್ರಾಂತಿ' ಜಪಾನಿನಲ್ಲಿ ಹೊರಬಂದಿದ್ದು 1975ರಲ್ಲಿ. ಕೆಲಸ ಬಿಟ್ಟು ಊರಿಗೆ ಬಂದಿದ್ದು 1938ರಲ್ಲಿ. ಲೆಕ್ಕ ಹಾಕಿ. ನಾವು ಓದಿದ್ದು ಕೊನೆಯಲ್ಲಿ ಸಿಕ್ಕ ಸೂತ್ರ. ಅದರ ಹಿಂದಿನ ಮೂವತ್ತೇಳು ವರ್ಷವನ್ನ ಹಾರಿಬಿಟ್ಟೆವು.

ಒಂದು ತೋಟದಲ್ಲಿ ಆದ ತಪ್ಪು ಒಂದು ದೇಶದಲ್ಲೇ ಆದರೆ? ಪಕ್ಕದ ಶ್ರೀಲಂಕಾ ನೋಡಿ. ಗೊಟಬಯ ರಾಜಪಕ್ಸ 2019ರ ಚುನಾವಣೆಯಲ್ಲಿ ಹತ್ತು ವರ್ಷದಲ್ಲಿ ಸಾವಯವಕ್ಕೆ ಹೋಗೋಣ ಅಂದಿದ್ದರು. ಆದರೆ 2021ರಲ್ಲಿ ಸರ್ಕಾರದ ಹತ್ತಿರ ವಿದೇಶಿ ವಿನಿಮಯ ಕರಗುತ್ತಿರುವಾಗ, ರಾಸಾಯನಿಕ ಗೊಬ್ಬರದ ಆಮದನ್ನ ಒಂದೇ ಏಟಿಗೆ ನಿಷೇಧಿಸಿದರು. ಅಷ್ಟು ಕಾಂಪೋಸ್ಟ್ ಎಲ್ಲಿತ್ತು? ರೈತರಿಗೆ ಕಲಿಯೋಕೆ ಸಮಯ ಎಲ್ಲಿತ್ತು? ಭತ್ತದ ಇಳುವರಿ ಬಿತ್ತು, ಚಹಾ ತೋಟ ನಲುಗಿತು, ಅಕ್ಕಿಯಲ್ಲಿ ಸ್ವಾವಲಂಬಿಯಾಗಿದ್ದ ದೇಶ ಅಕ್ಕಿ ತರಿಸಿಕೊಂಡಿತು. ಅದೇ ನವೆಂಬರ್ ಹೊತ್ತಿಗೆ ನಿಷೇಧ ವಾಪಸ್. ಶ್ರೀಲಂಕಾ ದಿವಾಳಿ ಆಗೋಕೆ ಸಾಲ, ತೆರಿಗೆ ಅಂತ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ರೈತನ ಹೊಲಕ್ಕೆ ಬಿದ್ದ ಆ ಪೆಟ್ಟು ಆಳುವವರ ಅವಸರದ್ದು.

ಹಾಗಾದರೆ ತತ್ವಜ್ಞಾನ, ಹಿರಿಯರ ತಿಳಿವಳಿಕೆ ಎಲ್ಲಾ ಬರೀ ಮಾತಾ? ಅಲ್ಲ. ಅದಕ್ಕೆ ನಾನು ಜಪಾನಿಗೂ ಹೋಗಬೇಕಾಗಿಲ್ಲ.

ನಮ್ಮ ತಾತನ ರಾಗಿ ಹೊಲದಲ್ಲಿ ಬರೀ ರಾಗಿ ಇರುತ್ತಿರಲಿಲ್ಲ. ಇಷ್ಟು ಸಾಲು ರಾಗಿ ಆದಮೇಲೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು, ಸಾಸಿವೆ. ಹಳೇ ಮೈಸೂರು ಕಡೆಯವರಿಗೆ ಇದು ಹೊಸದಲ್ಲ. ಚಿಕ್ಕವನಿದ್ದಾಗ ನನಗೆ ಅದು ಗಲೀಜು ಅನಿಸ್ತಿತ್ತು. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಮೇಷ್ಟ್ರು ರಿಡಂಡೆನ್ಸಿ ಅಂತ ಒಂದು ಪಾಠ ಮಾಡಿದರು. ಒಂದು ಭಾಗ ಕೆಟ್ಟರೂ ಇಡೀ ಯಂತ್ರ ನಿಲ್ಲಬಾರದು, ಅದಕ್ಕೆ ಬದಲಿ ವ್ಯವಸ್ಥೆ ಇರಬೇಕು. ಆವತ್ತು ನನಗೆ ತಾತನ ಹೊಲ ನೆನಪಾಯ್ತು.

ಮಳೆ ಕೈಕೊಟ್ಟು ರಾಗಿ ಬಾಡಿದರೂ ಆಳಕ್ಕೆ ಬೇರು ಬಿಟ್ಟ ತೊಗರಿ ನಿಲ್ಲುತ್ತೆ. ಅವರೆ, ಅಲಸಂದೆಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನ ಮಣ್ಣಿಗೆ ತರುತ್ತವೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತೆ. ಜೋಳದ ತೆನೆ ಮೇಲೆ ಕೂತ ಹಕ್ಕಿ ಹುಳವನ್ನೂ ಹೆಕ್ಕುತ್ತೆ. ಒಂದಾದ ಮೇಲೆ ಒಂದು ಕೊಯ್ಲು, ಸಂಕ್ರಾಂತಿ ಹೊತ್ತಿಗೂ ಹೊಲದಲ್ಲಿ ಅವರೆಕಾಯಿ. ಮನೆಗೆ ಹಿಟ್ಟು, ಬೇಳೆ, ಎಣ್ಣೆ, ದನಕ್ಕೆ ಮೇವು.

2015-16ರ ಕೃಷಿ ಗಣತಿ ಪ್ರಕಾರ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರ್. ನೂರಕ್ಕೆ 86 ಹಿಡುವಳಿಗಳು ಸಣ್ಣ, ಅತಿಸಣ್ಣ ರೈತರದ್ದು. ಎರಡೂವರೆ ಎಕರೆಯಲ್ಲಿ ಇರೋದನ್ನೆಲ್ಲ ಟೊಮೆಟೊಗೆ ಹಾಕಿ, ಮಾರುಕಟ್ಟೆಯಲ್ಲಿ ಬೆಲೆ ಬಿದ್ದ ದಿನ ರಸ್ತೆಗೆ ಸುರಿದರೆ ಅದು ನಮಗೆ ಬ್ರೇಕಿಂಗ್ ನ್ಯೂಸ್. ಅಕ್ಕಡಿ ಹಾಕಿದವನು ಆ ವರ್ಷವೂ ಮನೆಯಲ್ಲಿ ಮುದ್ದೆ, ಸಾರು ಉಂಡರೆ ಅದು ಸುದ್ದಿನೇ ಅಲ್ಲ.

ಇದು ಪುಕ್ಕಟೆ ಬರೋದಿಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಬೇರೆಬೇರೆ ಹೊತ್ತಿಗೆ ಕೊಯ್ಯೋಕೆ ಕೂಲಿ ಬೇಕು. ಬರೀ ರಾಗಿಯ ಇಳುವರಿ ಕಡಿಮೆ ಆಗುತ್ತೆ. ಕೊಯ್ಲಿನ ಯಂತ್ರ ಇಂಥ ಹೊಲಕ್ಕೆ ಇಳಿಯೋದು ಕಷ್ಟ. ನಮ್ಮಪ್ಪ ಅಕ್ಕಡಿ ಬಿಟ್ಟದ್ದು ದಡ್ಡತನದಿಂದ ಅಲ್ಲ, ಕೆಲಸಕ್ಕೆ ಜನ ಇಲ್ಲದೆ. ಜನ ಇರಲಿಲ್ಲ ಯಾಕಂದ್ರೆ ನಾನು ಎಂಜಿನಿಯರಿಂಗ್ ಓದ್ತಿದ್ದೆ.

ಬಿತ್ತುವ ಮುಂಚೆ ತಾತ ಒಂದು ಕೆಲಸ ಮಾಡೋರು. ಹೊಲಕ್ಕಿಳಿದು ಒಂದು ಹಿಡಿ ಮಣ್ಣು ತಗೊಂಡು ಅಂಗೈಯಲ್ಲಿ ಅಮುಕೋರು. ಉಂಡೆ ಕಟ್ಟಿ, ಬೆರಳು ತಾಗಿಸಿದರೆ ಉದುರಬೇಕು. ಅಂಟಿಕೊಂಡರೆ "ಇನ್ನೂ ಹದ ಬಂದಿಲ್ಲ ಕಣೋ" ಅಂತ ವಾಪಸ್ ಬರೋರು. ಪಕ್ಕದ ಹೊಲದವರು ಬಿತ್ತಿ ಮುಗಿಸಿದ್ದರೂ ಕಾಯೋರು. ನನಗೆ ಗೊತ್ತಿರೋ ತತ್ವಜ್ಞಾನ ಅದು, ಹದ. ಯಾವಾಗ ಕೈ ಹಾಕಬೇಕು, ಯಾವಾಗ ಸುಮ್ಮನಿರಬೇಕು ಅನ್ನೋದನ್ನ ಮಣ್ಣನ್ನೇ ಕೇಳೋದು. ಕೈ ಹಾಕದೆ ಕಾಯುವವನು ಹೊಲದಲ್ಲೇ ನಿಂತಿರ್ತಾನೆ. ಕೈ ಬಿಟ್ಟವನು ಹೊಲದ ಕಡೆ ನೋಡೋದನ್ನೇ ಬಿಟ್ಟಿರ್ತಾನೆ.

ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರು ಗೊತ್ತಲ್ಲ, 2019ರಲ್ಲಿ ತೀರಿಕೊಂಡರು. ಫುಕುವೊಕಾ ವಿಚಾರಗಳನ್ನ ಮೆಚ್ಚಿದವರು. ಮೊದಲು ರಾಸಾಯನಿಕ ಕೃಷಿ ಮಾಡಿ, ಆಮೇಲೆ ಸಾವಯವಕ್ಕೆ ತಿರುಗಿದರು. ಆದರೆ ಜಪಾನಿನ ಹೊಲವನ್ನ ಇಲ್ಲಿಗೆ ತಂದು ಹಾಸಲಿಲ್ಲ. ನಮ್ಮ ಬಯಲುಸೀಮೆಗೆ ಹೊಂದುವ ಮರ, ಸೊಪ್ಪು, ದನ, ಕಾಂಪೋಸ್ಟ್ ಇಟ್ಟುಕೊಂಡು ಕೆಲವೇ ಎಕರೆಯಲ್ಲಿ ಬದುಕಿ ತೋರಿಸಿದರು.

ಈಗ ಮೇಲ್ ಬರೆದ ಗೆಳೆಯರಿಗೆ. ನಾನು ಕೃಷಿ ತಜ್ಞ ಅಲ್ಲ. ಆದರೂ ನನ್ನ ದನಿ ಕೇಳಿ ನೀವು ಹೆಜ್ಜೆ ಇಟ್ಟಿದ್ದೀರಿ, ಅದಕ್ಕೆ ಹೇಳ್ತೀನಿ. ಜಮೀನು ಮಾರಬೇಡಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಮಣ್ಣು ಪರೀಕ್ಷೆ ಮಾಡಿಸಿ. ನಿಮ್ಮ ನಾಲ್ಕು ಸೂತ್ರಗಳನ್ನ ಅರ್ಧ ಎಕರೆಯಲ್ಲಿ ಮಾತ್ರ ನೋಡಿ. ಉಳಿದದ್ದರಲ್ಲಿ ಊರಿನವರು ಮಾಡೋ ಹಾಗೆ ಮಾಡಿ, ಒಂದೊಂದೇ ಬದಲಾವಣೆ ತನ್ನಿ. ಸಾಧ್ಯವಾದರೆ ಅರೆಕಾಲಿಕ ಕೆಲಸ ಹಿಡೀರಿ, ಅದರಲ್ಲಿ ನಾಚಿಕೆ ಇಲ್ಲ. ಮೊದಲು ಒಡವೆ ಬಿಡಿಸಿಕೊಂಡು ಬನ್ನಿ. ಪಕ್ಕದ ಹೊಲದಲ್ಲಿ ವಯಸ್ಸಾದ ಅಜ್ಜನೋ ಅಜ್ಜಿಯೋ ಇದ್ದರೆ ಪುಸ್ತಕ ಮಡಚಿಟ್ಟು ಅವರ ಜೊತೆ ಒಂದು ಮುಂಗಾರು ಕಳೆಯಿರಿ.

ಮರ ಒಣಗಿಸಿದ ಮೇಲೂ ಫುಕುವೊಕಾ ಹೊಲಕ್ಕೆ ವಾಪಸ್ ಬಂದರು. ನೀವು ಕಳೆದುಕೊಂಡಿರೋದು ಎರಡು ವರ್ಷ.

ಮುಂದಿನ ಸಲ ಅಂಥ ಕಾರ್ಯಕ್ರಮಕ್ಕೆ ನಾನು ವಾಯ್ಸ್ ಕೊಡುವಾಗ ಸೋತ ವರ್ಷಗಳ ಲೆಕ್ಕವೂ ಅದರಲ್ಲಿರುತ್ತೆ. ಇಲ್ಲದಿದ್ದರೆ ನನ್ನನ್ನ ಕೇಳಿ.