ಬೀಡಿ ಬಿಟ್ಟ ಮೊದಲ ಮೂರು ವಾರ

(ಸಂಘದ ವಾರ್ಷಿಕೋತ್ಸವದ ಸಂಜೆ ಸೊಲ್ಲಾಪುರದ ನಮ್ಮ ಓಣಿಯಲ್ಲಿ ಮಾಡಿದ ಭಾಷಣ. ಆಡಿದ ಮಾತನ್ನು ಆದಷ್ಟು ಹಾಗೇ ಉಳಿಸಿ ಬರೆದುಕೊಟ್ಟಿದ್ದೇನೆ.)



‘ವ್ಯಸನಮುಕ್ತಿ’ ಮೇಲೆ ಎರಡು ಮಾತಾಡ್ರಿ ಅಂತ ಸಂಘದವರು ಹೇಳಿದರು. ನಾನು ಡಾಕ್ಟರಲ್ಲ, ಮಾಸ್ತರಲ್ಲ. ಪವರ್‌ಲೂಮಿನಾಗ ಟವೆಲ್ ನೇಯುವವನು. ಹತ್ತೊಂಬತ್ತು ವರ್ಷ ಬೀಡಿ ಸೇದಿದೆ. ಬಿಟ್ಟು ಎರಡು ವರ್ಷ ಆತು. ನನ್ನ ಹತ್ತಿರ ಇರೋದು ಇಷ್ಟೇ.

ಬೀಡಿ ಕೆಟ್ಟದ್ದು ಅಂತ ಹೇಳಲಿಕ್ಕೆ ನಾನು ನಿಂತಿಲ್ಲ. ಅದು ಸೇದುವವನಿಗೇ ಎಲ್ಲರಿಗಿಂತ ಮೊದಲು ಗೊತ್ತು. ಬೆಳಿಗ್ಗೆ ಎದ್ದಕೂಡಲೇ ಅವನ ಕೆಮ್ಮೇ ಅವನಿಗೆ ಹೇಳತದ. ಬಿಡ್ರಿ ಅಂತ ಹೇಳುವವರೂ ಬಹಳ ಮಂದಿ ಅದಾರ. ಆದರೆ ಬಿಟ್ಟ ಮರುದಿನ ಏನಾಗತದ, ಮೂರನೇ ದಿನ ಏನಾಗತದ, ಆಗ ಏನು ಮಾಡಬೇಕು, ಇದನ್ನು ಮಾತ್ರ ನನಗೆ ಯಾರೂ ಹೇಳಲಿಲ್ಲ. ಅದಕ್ಕೇ ಮೂರು ಸಲ ಬಿಟ್ಟು ಮೂರು ಸಲವೂ ಮತ್ತೆ ಹಚ್ಚಿದೆ. ನಾಲ್ಕನೇ ಸಲದ ಕಥಿ ಇದು.

ಮೊದಲು ನಮ್ಮ ಮನಿ ಬಗ್ಗೆ ಹೇಳಬೇಕು. ನಮ್ಮವ್ವ ಬೀಡಿ ಕಟ್ಟತಾಳ. ಇಲ್ಲಿ ಕೂತವರಲ್ಲಿ ಎಷ್ಟೋ ಮಂದಿಯ ಅವ್ವಂದಿರು ಕಟ್ಟತಾರ. ಮುಂಜಾನೆಯಿಂದ ರಾತ್ರಿ ತನಕ ಮರದ ಮುಂದೆ ಕೂತರೆ ಒಂದು ಸಾವಿರ. ಅದರಾಗ ಕಾರಖಾನಿಯವರು ‘ಛಾಟ’ ಅಂತ ಕೆಲವನ್ನು ತೆಗೆದು ಒಗೀತಾರ, ಅದರ ಕೂಲಿ ಸಿಗೋದಿಲ್ಲ. ನಾನು ಹದಿನಾಲ್ಕನೇ ವಯಸ್ಸಿಗೆ ಮೊದಲನೇ ಬೀಡಿ ಹಚ್ಚಿದ್ದು ಆ ಛಾಟದೊಳಗಿನದೇ. ಅವ್ವನ ಬೆವರಿಗೆ ಕೂಲಿ ಸಿಗದ ಬೀಡಿ ಅದು. ಸುಮ್ಮನೆ ಯಾಕ ಹಾಳಾಗಬೇಕು ಅಂತ ಸೇದಿದೆ. ಹಾಳಾದವನು ನಾನು.

ಎರಡು ವರ್ಷದ ಹಿಂದೆ ಒಂದು ಸಂಜೆ ಪಾಳಿ ಮುಗಿಸಿ ಮನಿಗೆ ಬಂದಾಗ ನನ್ನ ಮಗ, ಒಂಬತ್ತು ವರ್ಷದವ, ಕನ್ನಡಿ ಮುಂದೆ ನಿಂತಿದ್ದ. ಬಾಯಾಗ ಅಜ್ಜಿಯ ಮರದಿಂದ ತಗೊಂಡ ಬೀಡಿ. ಹಚ್ಚಿರಲಿಲ್ಲ. ನನ್ನಂಗೇ ಒಂದು ಕಣ್ಣು ಕಿರಿದು ಮಾಡಿ, ನನ್ನಂಗೇ ಬೂದಿ ಕೊಡವತಿದ್ದ. ಅವನನ್ನು ಹೊಡಿಯಲಿಕ್ಕೆ ನನ್ನ ಕೈ ಏಳಲಿಲ್ಲ. ಹೊಡಿಯುವ ಹಕ್ಕು ಎಲ್ಲಿತ್ತು? ಮರುದಿನದಿಂದ ಬಿಟ್ಟೆ.

ಮೊದಲನೇ ದಿನ ಹೆಮ್ಮೆಯಿಂದಲೇ ಕಳೀತು. ಎರಡನೇ ದಿನ, ಮೂರನೇ ದಿನ ಮಾತ್ರ ಹೇಳಬ್ಯಾಡ್ರಿ. ತಲಿನೋವು, ಕೈಯಾಗ ನಡುಕ, ರಾತ್ರಿ ನಿದ್ದಿ ಇಲ್ಲ, ಹೊಟ್ಟಿ ಕಟ್ಟಿದಂಗ. ಚಾ ತಣ್ಣಗಾಗೇದ ಅಂತ ಹೆಂಡತಿ ಮೇಲೆ ಒದರಾಡಿದೆ. ಪಾಪ, ಅವಳೇ ಸಾಕಾಗಿ ಹೇಳಿದಳು, “ಹೋಗ್ರಿ, ಒಂದು ಸೇದಿ ಬರ್ರಿ, ನಮಗಾದರೂ ಸಮಾಧಾನ ಸಿಗಲಿ.” ತಮ್ಮಂದಿರೇ, ಇದು ನಮ್ಮ ಸ್ವಭಾವ ಕೆಟ್ಟದ್ದಲ್ಲ. ಹೊಗಿ ಎಳೆದರೆ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಾಗ ಮಿದುಳಿಗೆ ಹೋಗಿ ಮುಟ್ಟತದ. ದಿನಕ್ಕೆ ಒಂದು ಕಟ್ಟು ಅಂದರೆ ಇಪ್ಪತ್ತೈದು ಬೀಡಿ. ಒಂದೊಂದಕ್ಕೆ ಹತ್ತು ದಮ್ಮು ಹಿಡಿದರೂ ದಿನಕ್ಕೆ ಇನ್ನೂರೈವತ್ತು ಸಲ ಮಿದುಳಿಗೆ ಉಣಿಸೀವಿ. ಒಮ್ಮಿಂದೊಮ್ಮೆ ನಿಲ್ಲಿಸಿದರೆ ಅದು ಗಲಾಟೆ ಮಾಡೇ ಮಾಡತದ. ಈ ಗಲಾಟೆ ಮೊದಲ ಮೂರು ದಿನ ಬಹಳ ಜೋರು, ಆಮೇಲೆ ಎರಡರಿಂದ ನಾಲ್ಕು ವಾರದಾಗ ಇಳೀತದ. ಇದು ನನಗೆ ಮೊದಲೇ ಗೊತ್ತಿದ್ದರೆ ಹಿಂದಿನ ಮೂರು ಸಲ ಮೂರನೇ ದಿನಕ್ಕೇ ಸೋಲತಿರಲಿಲ್ಲ. ಇದು ಹಿಂಗೇ ಇರತದ, ಇನ್ನು ಜನ್ಮವಿಡೀ ಹಿಂಗೇ ಅಂತ ತಿಳಿದು ಸೋತಿದ್ದೆ.

ಎರಡನೇ ಮಾತು. ಸೇದಬೇಕು ಅನ್ನುವ ಆಸೆ ದಿನವಿಡೀ ಒಂದೇ ಸಮ ಇರೋದಿಲ್ಲ. ಅಲೆ ಬಂದಂಗ ಬರತದ, ಏರತದ, ನಾಲ್ಕೈದು ನಿಮಿಷದಾಗ ಇಳೀತದ. ಸೇದಿದರೂ ಇಳೀತದ, ಸೇದದಿದ್ದರೂ ಇಳೀತದ! ನಾನು ಇದನ್ನು ಕಂಡುಕೊಂಡಿದ್ದು ಗಡಿಯಾರ ನೋಡಿ ಅಲ್ಲ. ಮನಿಯಾಗ ಆಸೆ ಏರಿದಾಗ ಅವ್ವನ ಎದುರಿಗೆ ಹೋಗಿ ಕೂಡತಿದ್ದೆ. ಎಲಿ ಹಿಡಿದಳು, ತಂಬಾಕು ತುಂಬಿದಳು, ಸುತ್ತಿದಳು, ದಾರ ಕಟ್ಟಿದಳು, ಒಂದು. ಎರಡು. ಮೂರು. ಅವ್ವ ಎಂಟು ಬೀಡಿ ಕಟ್ಟುವುದರೊಳಗೆ ನನ್ನ ಆಸೆ ಇಳಿದಿರತಿತ್ತು. ಬೀಡಿ ಎಣಿಸುತ್ತಲೇ ನಾನು ಬೀಡಿ ಬಿಟ್ಟೆ. ಹತ್ತೊಂಬತ್ತು ವರ್ಷ ಸುಟ್ಟಿದ್ದೆ, ಒಂದೊಂದಕ್ಕೂ ಅವ್ವನ ಬೆರಳು ಎಷ್ಟು ಸಲ ತಿರುಗತಾವ ಅಂತ ಆಗಲೇ ನೋಡಿದ್ದು.

ಎಲ್ಲರ ಮನಿಯಾಗೂ ಹಂಗ ಕೂಡಲಿಕ್ಕೆ ಆಗಲಿಕ್ಕಿಲ್ಲ, ಆ ವಾಸನಿಯೇ ಕೆಲವರಿಗೆ ಆಸೆ ಎಬ್ಬಿಸತದ. ಅಂಥವರು ಎದ್ದು ಹೊರಗೆ ಹೋಗ್ರಿ. ಒಂದು ತಂಬಿಗಿ ನೀರು ಸಾವಕಾಶ ಕುಡೀರಿ. ಹತ್ತು ಸಲ ಉಸಿರು ಆಳಕ್ಕೆ ಎಳೆದು ಬಿಡ್ರಿ. ಕೈಗೆ ಏನಾದರೂ ಕೆಲಸ ಕೊಡ್ರಿ. ಬಾಯಿಗೆ ಬಡೇಸೋಪು, ಹುರಿಗಡಲಿ, ಲವಂಗ, ಏನಾದರೂ ಇರಲಿ. ಹಸಿವು ಜಾಸ್ತಿ ಆಗತದ, ಹೆದರಬ್ಯಾಡ್ರಿ. ಕೆಲವರಿಗೆ ಕೆಮ್ಮೂ ಮೊದಲಿಗೆ ಹೆಚ್ಚಾಗತದ, ಎದಿ ಸ್ವಚ್ಛ ಆಗಲಿಕ್ಕೆ ಹತ್ತಿರತದ. ರಕ್ತ ಬಿದ್ದರೆ, ಕೆಮ್ಮು ನಿಲ್ಲದಿದ್ದರೆ ಮಾತ್ರ ತಡ ಮಾಡದೆ ದವಾಖಾನಿಗೆ ಹೋಗ್ರಿ.

ಮೂರನೆಯದು, ಆಸೆ ಎಲ್ಲಿ ಅಡಗಿ ಕೂತದ ಅಂತ ಗುರುತು ಮಾಡ್ರಿ. ನನಗೆ ಮೂರು ಜಾಗ. ಚಾ ಕುಡಿದ ಮೇಲೆ, ಊಟ ಆದ ಮೇಲೆ, ಮತ್ತೆ ಕರೆಂಟ್ ಹೋದಾಗ. ಕರೆಂಟ್ ಹೋದರೆ ಮಗ್ಗ ನಿಲ್ಲತಾವ, ಮಗ್ಗ ನಿಂತರೆ ಎಲ್ಲರೂ ಹೊರಗೆ, ಹೊರಗೆ ಬಂದರೆ ಬೀಡಿ. ನನ್ನ ಕಾಲು ತಾವೇ ಟಪರಿ ಕಡೆ ಹೊರಡತಿದ್ದವು. ಅದಕ್ಕೆ ನಾನು ಚಾ ಮನಿಯಾಗೇ ಕುಡಿದು ಬರಲಿಕ್ಕೆ ಹತ್ತಿದೆ. ಊಟ ಆದಕೂಡಲೇ ಎದ್ದು ಬಾಯಿ ಮುಕ್ಕಳಿಸಿ ಡಬ್ಬಿ ತೊಳೀತಿದ್ದೆ. ಕರೆಂಟ್ ಹೋದಾಗ ನೀರಿನ ಬಾಟಲಿ ಹಿಡಿದು ಇನ್ನೊಂದು ಬಾಗಿಲಿಗೆ ಹೋಗಿ ನಿಲ್ಲತಿದ್ದೆ. ದೋಸ್ತರು ನಕ್ಕರು, “ಏನೋ, ದೊಡ್ಡ ಸಾಹೇಬ ಆದಿ” ಅಂದರು. ನಗಲಿ.

ಹದಿನೆಂಟನೇ ದಿನ ಜಾರಿದೆ. ಸಂಬಂಧಿಕರೊಬ್ಬರು ತೀರಿಕೊಂಡಿದ್ದರು. ರಾತ್ರಿಯಿಡೀ ಗಂಡಸರು ಅಂಗಳದಾಗ ಕೂತಿದ್ದೆವು. ಯಾರೋ ಹಚ್ಚಿದ ಬೀಡಿಯನ್ನೇ ಕೈಗೆ ಕೊಟ್ಟರು. ದುಃಖದಾಗ ಬ್ಯಾಡ ಅನ್ನಲಿಕ್ಕೆ ಆಗಲಿಲ್ಲ. ಒಂದು ಸೇದಿದೆ, ಇನ್ನೊಂದೂ ಸೇದಿದೆ. ಬೆಳಗಾದ ಮೇಲೆ, ಮುಗೀತು, ನನ್ನಿಂದ ಆಗೋದಿಲ್ಲ, ಒಂದು ಕಟ್ಟು ತಗೊಂಡೇ ಬಿಡೋಣ ಅಂತ ಟಪರಿ ಮುಂದೆ ನಿಂತೆ. ಕಟ್ಟಿನ ಮೇಲೆ ಒಂದು ನಂಬರ್ ಇತ್ತು. 2018ರಿಂದ ಎಲ್ಲ ತಂಬಾಕಿನ ಪಾಕೀಟಿನ ಮೇಲೂ ಅಚ್ಚು ಮಾಡತಾರ, 1800-11-2356, ದುಡ್ಡು ಬೀಳೋದಿಲ್ಲ. ದಿನಾ ಕೈಯಾಗ ಹಿಡಿದ ಕಟ್ಟು, ಒಂದು ದಿನವೂ ಓದಿರಲಿಲ್ಲ. ಅಲ್ಲೇ ನಿಂತು ಫೋನ್ ಹಚ್ಚಿದೆ. ಆ ಕಡೆಯ ಹೆಣ್ಣುಮಗಳು ಬೈಯಲಿಲ್ಲ. ದಿನಕ್ಕೆ ಎಷ್ಟು ಸೇದತಿದ್ದಿರಿ, ಬಿಟ್ಟು ಎಷ್ಟು ದಿನ ಆತು ಅಂತ ಕೇಳಿ ಲೆಕ್ಕ ಹಾಕಿಸಿದಳು. ಹದಿನೆಂಟು ದಿನಕ್ಕೆ 450. “ಅದರಾಗ 448 ಬಿಟ್ಟೀರಿ, ಎರಡು ಸೇದೀರಿ. ಸೋತವರು ಯಾರು?” ಅಂದಳು. ನಾನು ಕಟ್ಟು ತಗೊಳ್ಳದೆ ಮನಿಗೆ ಬಂದೆ. ಜಾರಿದರೆ ಬಿದ್ದಲ್ಲೇ ಮಲಗಬ್ಯಾಡ್ರಿ ಅಂತ ಹೇಳಲಿಕ್ಕೇ ಈ ನಾಚಿಕಿಯ ಮಾತು ನಿಮ್ಮ ಮುಂದೆ ಹೇಳಿದ್ದು.

ಎದ್ದ ಅರ್ಧ ತಾಸಿನೊಳಗೆ ಬೀಡಿ ಬೇಕೇ ಬೇಕು ಅನ್ನುವವರಿಗೆ ಚಟ ಆಳಕ್ಕೆ ಇಳಿದದ ಅಂತ ಅರ್ಥ. ಅವರು ಬರೇ ಗಟ್ಟಿ ಮನಸ್ಸಿನ ಮೇಲೆ ನಿಲ್ಲಬ್ಯಾಡ್ರಿ, ಡಾಕ್ಟರನ್ನು ಕೇಳಿ. ನಿಕೋಟಿನ್ ಗಮ್ ಅಂತ ಸಿಗತದ. ಅದನ್ನು ಚುಯಿಂಗ್ ಗಮ್ಮಿನಂಗ ಕಚಕಚ ಅಗಿಯೋದಲ್ಲ. ಸಾವಕಾಶ ಅಗಿದು, ಖಾರ ಅನಿಸಿದಕೂಡಲೇ ಗಲ್ಲದ ಒಳಗೆ ಒತ್ತಿ ಇಟ್ಟುಕೊಳ್ಳಬೇಕು. ಔಷಧ ತಗೊಂಡು ಬಿಡೋದು ಸಣ್ಣತನ ಅಲ್ಲ. ಜ್ವರಕ್ಕೆ ಗುಳಿಗಿ ನುಂಗೋದಿಲ್ಲೇನು?

ಇನ್ನೊಂದು ಮೋಸ ಅದ. ಬೀಡಿ ಬಿಟ್ಟೆ ಅಂತ ಹೇಳಿ ಸುಣ್ಣ-ತಂಬಾಕು ತಿಕ್ಕೋದು, ಮಾವಾ ಹಾಕೋದು. ಹೆಣ್ಣುಮಕ್ಕಳು ಮಿಶ್ರಿ ಹಚ್ಚೋದೂ ಅದೇ. ಇದು ಬಾಗಿಲಿನಿಂದ ಹೊರಗೆ ಹಾಕಿ ಕಿಟಕಿಯಿಂದ ಒಳಗೆ ಕರೆದಂಗ. ಬಾಯಿ ಹುಣ್ಣಾಗಿ ಬಾಯಿ ತೆರೆಯಲಾಗದವರನ್ನು ನಮ್ಮ ಓಣಿಯಾಗೇ ನೋಡೀವಿ.

ಕೊನೆಗೆ ಅವ್ವಂದಿರಿಗೆ ಒಂದು ಮಾತು. ಬೀಡಿ ಬಿಡ್ರಿ ಅಂತ ನಾನು ಅಂದಾಗ ನಿಮ್ಮ ಹೊಟ್ಟಿ ಮೇಲೆ ಹೊಡೆದಂಗ ಆಗಬಾರದು. ನೀವು ಕಟ್ಟಿದ ಬೀಡಿಯಿಂದಲೇ ನಾವು ಸಾಲಿ ಕಲಿತೀವಿ. ಆ ಧೂಳು ನಿಮ್ಮ ಎದಿಯೊಳಗೂ ಹೋಗೇದ. ಬೀಡಿ ಕಟ್ಟುವ ಕೈಗೆ ಬೇರೆ ಕೆಲಸ, ಸರಿಯಾದ ಕೂಲಿ ಕೇಳುವುದು ಈ ಸಂಘದ ಹೋರಾಟ ಆಗಬೇಕು. ಸೇದುವುದನ್ನು ಬಿಡುವುದು ನಮ್ಮ ನಮ್ಮ ಮನಿಯ ಹೋರಾಟ. ಎರಡೂ ಬೇಕು.

ತಮ್ಮಂದಿರಿಗೆ ಒಂದೇ ವಿನಂತಿ. ಬಿಟ್ಟವನ ಕೈಗೆ ಹಚ್ಚಿದ ಬೀಡಿ ಕೊಡಬ್ಯಾಡ್ರಿ, ನಗಲಿಕ್ಕೂ ಬ್ಯಾಡ, ದುಃಖಕ್ಕೂ ಬ್ಯಾಡ. ನಾಳೆ ಬಿಡುವವರು ಯಾರಾದರೂ ಇದ್ದರೆ ನಮ್ಮ ಶೆಡ್ಡಿನ ಹಿಂದಿನ ಬಾಗಿಲಿಗೆ ಬರ್ರಿ. ಕರೆಂಟ್ ಹೋದಾಗ ನಾನು ಅಲ್ಲೇ ನಿಂತಿರತೀನಿ, ನೀರಿನ ಬಾಟಲಿ ಇರತದ. ಐದು ನಿಮಿಷ ಮಾತಾಡೋಣ. ಅಷ್ಟರಾಗ ಅದು ಹೋಗಿರತದ.

ಜೈ ಭೀಮ್.