ಬರಿದಾದ ಅತ್ತರಿನ ಸೀಸೆ

ಅತ್ತರು ಮುಗಿದ ಮೇಲೆ ಸೀಸೆಯನ್ನು ನೀವು ಏನು ಮಾಡುತ್ತೀರಿ? ಕೆಲವು ದಿನ ಬಟ್ಟೆಯ ಪೆಟ್ಟಿಗೆಯಲ್ಲಿ ಇಡುತ್ತೀರಿ. ಪರಿಮಳ ಆರಿದ ಬಳಿಕ ಹಳೆಯ ಕಾಗದದ ಜೊತೆಗೆ ಗುಜರಿಯವನಿಗೆ ಕೊಟ್ಟುಬಿಡುತ್ತೀರಿ. ಬರಿದಾದ ಸೀಸೆಯಿಂದ ಮನೆಗೆ ಏನು ಪ್ರಯೋಜನ ಎಂದು ನೀವು ಕೇಳಬಹುದು. ಆ ಸೀಸೆಯ ಪರವಾಗಿ ನಾಲ್ಕು ಮಾತು ಹೇಳಬೇಕೆಂದೇ ನಾನು ಬಂದಿದ್ದೇನೆ.

ಸುಗಂಧವನ್ನು ಹಿಡಿದಿಡುವುದು ಸುಲಭವಲ್ಲ. ಗಾಳಿ, ಬೆಳಕು, ಬಿಸಿ ಈ ಮೂರೂ ಅದಕ್ಕೆ ಶತ್ರುಗಳು. ಪ್ರಾಚೀನ ಈಜಿಪ್ಟಿನವರು ಅದನ್ನು ತಂಪಾದ ಕಲ್ಲಿನ ಭರಣಿಗಳಲ್ಲಿ ಇಟ್ಟರು. ನಮ್ಮ ಕನೌಜಿನ ಅತ್ತರಿನವರು ಒಂಟೆಯ ಚರ್ಮದ ಕುಪ್ಪಿಗಳಲ್ಲಿ ತುಂಬಿ ಹದಗೊಳಿಸಿದರು. ಚರ್ಮದ ಮೂಲಕ ನೀರಿನ ಪಸೆ ಹೊರಗೆ ಹೋಗುತ್ತದೆ, ತೈಲ ಒಳಗೇ ಉಳಿಯುತ್ತದೆ. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದ ಜನ ಗಾಜನ್ನು ಕೊಳವೆಯಿಂದ ಊದುವ ವಿದ್ಯೆಯನ್ನು ಕಂಡುಕೊಂಡರು. ಆ ಬಳಿಕ ಪುಟ್ಟ ಗಾಜಿನ ಸೀಸೆ ಸಾಮಾನ್ಯರ ಕೈಗೂ ಎಟುಕಿತು.

ಹಿಂದೆ ಯುರೋಪಿನಲ್ಲಿ ಸುಗಂಧವನ್ನು ಔಷಧದ ಸೀಸೆಯಂಥ ಸಾದಾ ಸೀಸೆಯಲ್ಲಿ ಮಾರುತ್ತಿದ್ದರು. ಮನೆಯಾಕೆ ಅದನ್ನು ತನ್ನ ಅಂದದ ಸೀಸೆಗೆ ಸುರಿದುಕೊಳ್ಳುತ್ತಿದ್ದಳು. 1908ರ ಸುಮಾರಿಗೆ ಪ್ಯಾರಿಸಿನ ಸುಗಂಧ ವರ್ತಕ ಫ್ರಾಂಸ್ವಾ ಕೋಟಿ, ಒಡವೆಗಳ ಕುಶಲಿ ರೆನೆ ಲಾಲಿಕ್‌ನಿಂದ ಸೀಸೆಗಳನ್ನು ಮಾಡಿಸತೊಡಗಿದ. ಮೂಗಿಗಿಂತ ಮೊದಲು ಕಣ್ಣು ಒಪ್ಪಬೇಕು ಎಂಬುದು ಅವನ ಲೆಕ್ಕಾಚಾರ. ಇಂದು ಸಂಗ್ರಹಕಾರರು ದೊಡ್ಡ ಬೆಲೆ ಕೊಟ್ಟು ಕೊಳ್ಳುವುದು ಇಂಥ ಸೀಸೆಗಳನ್ನೇ.

ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಮದುವೆಯಲ್ಲಿ ಬಂದವರನ್ನು ಎದುರುಗೊಳ್ಳುತ್ತಿದ್ದ ಪನ್ನೀರುದಾನಿ, ಅಜ್ಜನ ಅತ್ತರುದಾನಿ, 1916ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರಂಭವಾದ ಸರ್ಕಾರಿ ಉದ್ಯಮದ ಗಂಧದೆಣ್ಣೆಯ ಪುಟ್ಟ ಸೀಸೆ, ಇವುಗಳಲ್ಲಿ ಒಂದಾದರೂ ನಿಮ್ಮ ಅಟ್ಟದ ಮೇಲೆ ಇದ್ದೀತು. ಸಂಗ್ರಹ ಅಲ್ಲಿಂದಲೇ ಮೊದಲಾಗಲಿ. ಗುಜರಿ ಅಂಗಡಿಯ ಸರದಿ ಆಮೇಲೆ.

ಹಳೆಯದನ್ನು ಗುರುತಿಸುವುದು ಹೇಗೆ? ಸೀಸೆಯನ್ನು ಮಗುಚಿ ತಳ ನೋಡಿ. ಊದಿದ ಗಾಜಾದರೆ, ಸಲಾಕೆಯಿಂದ ಬಿಡಿಸಿದ ಒರಟು ಕಲೆ ಅಲ್ಲಿ ಇರಬಹುದು. ಅಚ್ಚಿನ ಗೆರೆ ಬಾಯಿಯ ಅಂಚನ್ನು ದಾಟಿ ಮೇಲಕ್ಕೆ ಹೋಗಿದ್ದರೆ ಅದು ಬಹುಮಟ್ಟಿಗೆ ಯಂತ್ರದ ಕೆಲಸ. ಗಾಜಿನ ಬಿರಡೆಯನ್ನು ಆಯಾ ಸೀಸೆಗೇ ತೇದು ಕೂರಿಸಿರುತ್ತಾರೆ. ಒಂದರ ಬಿರಡೆ ಇನ್ನೊಂದಕ್ಕೆ ಸರಿಹೋಗದು. ಬಿರಡೆ ಕಚ್ಚಿಕೊಂಡಿದ್ದರೆ ಇಕ್ಕಳ ಹಾಕಬೇಡಿ. ಸಂದಿಗೆ ಒಂದು ಹನಿ ಎಣ್ಣೆ ಬಿಟ್ಟು ಒಂದು ದಿನ ತಾಳಿ. ಬಳಿಕ ಮೆಲ್ಲನೆ ತಿರುಗಿಸಿ.

ತೊಳೆಯುವ ವಿಷಯದಲ್ಲಿ ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ನಮ್ಮ ತಾಯಿಯ ಬಳಿ ಹಸಿರು ಗಾಜಿನ ಅತ್ತರಿನ ಸೀಸೆ ಒಂದಿತ್ತು. ಅದರ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಅವರು ಪೆನ್ಸಿಲಿನಿಂದ ಏನೋ ಬರೆದಿದ್ದರು. ಅವರು ತೀರಿಕೊಂಡ ವರ್ಷ ನಾನು ಬಲು ಉತ್ಸಾಹದಿಂದ ಅದನ್ನು ಸೋಡಾ ಹಾಕಿದ ನೀರಿನಲ್ಲಿ ಇಡೀ ರಾತ್ರಿ ನೆನೆಹಾಕಿದೆ. ಬೆಳಗಾಗುವಾಗ ಗಾಜು ಥಳಥಳ ಹೊಳೆಯುತ್ತಿತ್ತು; ಚೀಟಿ ಮುದ್ದೆಯಾಗಿ ತಳದಲ್ಲಿ ಕೂತಿತ್ತು. ಒಳಗೆ ಉಳಿದಿದ್ದ ಕೇದಗೆಯ ಪರಿಮಳವೂ ಹೋಯಿತು. ಅದು ಯಾರ ಮದುವೆಯಲ್ಲಿ ಬಂದ ಅತ್ತರೆಂದು ಅಕ್ಕನನ್ನು ಕೇಳಿದೆ, ಅವಳಿಗೂ ತಿಳಿಯದು. ಆದ್ದರಿಂದ ನೀವು ಒಣಬಟ್ಟೆಯಿಂದ ಧೂಳು ಒರೆಸಿ, ಸಾಕು. ಚೀಟಿಗೂ ಹೊಂಬಣ್ಣಕ್ಕೂ ನೀರು ತಾಕಿಸಬೇಡಿ. ಸೀಸೆಯಲ್ಲಿ ನೀರು ತುಂಬಿ ಹೂವಿಡುವ ಆಸೆಯೂ ಬೇಡ. ನೀರು ನಿಂತರೆ ಹಳೆಯ ಗಾಜು ಬೆಳ್ಳಗೆ ಮಸುಕಾಗುತ್ತದೆ.

ಇನ್ನು ಅಲಂಕಾರ. ದಸರೆಯ ಗೊಂಬೆ ಕೂರಿಸುವ ಕ್ರಮ ನಿಮಗೆ ಗೊತ್ತೇ ಇದೆ: ಎತ್ತರದವು ಹಿಂದೆ, ಚಿಕ್ಕವು ಮುಂದೆ. ಇಲ್ಲಿಯೂ ಹಾಗೆಯೇ. ಬಣ್ಣದ ಗಾಜಿಗೆ ಹಿಂದಿನಿಂದ ಬೆಳಕು ಬಂದರೆ ಜೀವ ಬರುತ್ತದೆ. ಆದರೆ ಚೀಟಿಯಿರುವುದಕ್ಕೆ ನೇರ ಬಿಸಿಲು ಬೇಡ, ಅಕ್ಷರ ಮಾಸೀತು. ಕೆತ್ತನೆಯ ಸ್ಫಟಿಕದ ಗಾಜನ್ನು ಒಂದು ಕನ್ನಡಿಯ ತುಂಡಿನ ಮೇಲೆ ಇಡಿ. ಬೆಳ್ಳಿಯ ಪನ್ನೀರುದಾನಿ ನಡುವೆ ಇರಲಿ. ಕಪಾಟನ್ನು ತುಂಬುವ ಅವಸರ ಬೇಡ. ಐದು ಸೀಸೆ ಅಂದವಾಗಿ ಕಾಣುವ ಕಡೆ ಇಪ್ಪತ್ತು ಇಟ್ಟರೆ ಅಂಗಡಿಯಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಎಲ್ಲವೂ ಅವರ ಕೈಗೆ ಎಟುಕದಷ್ಟು ಮೇಲಿರಲಿ.

ಒಂದೊಂದು ಸೀಸೆಗೂ ಒಂದು ಚೀಟಿ ಬರೆದು ಅದರ ಅಡಿಯಲ್ಲಿ ಇಡಿ: ಯಾರದು, ಎಲ್ಲಿಂದ ಬಂತು, ಯಾವ ವರ್ಷ. ಅದನ್ನು ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಇಂದು ಸಂಜೆಯೇ ಹತ್ತಿರ ಕೂತು ಕೇಳಿ. ನಮ್ಮ ಮನೆಯ ಹಸಿರು ಸೀಸೆಯ ಅಡಿಯಲ್ಲಿ ನಾನೂ ಒಂದು ಚೀಟಿ ಇಟ್ಟಿದ್ದೇನೆ. 'ಅಮ್ಮನದು' ಎಂಬಷ್ಟನ್ನು ಮಾತ್ರ ಅದರಲ್ಲಿ ಬರೆಯಲು ಸಾಧ್ಯವಾಯಿತು.