ಹೆಸರು ಮತ್ತು ಹೊಣೆ



ಮಠಕ್ಕೆ ಹೆಸರು ಕೇಳಲು ಬರುವವರು ಬಹಳ ಮಂದಿ. ಕೂಸಿಗೆ ಏನು ಹೆಸರಿಡೋಣ ಎಂದು ಕೇಳುತ್ತಾರೆ, ಅಂಗಡಿಗೆ ಕೇಳುತ್ತಾರೆ, ಮನೆ ಕಟ್ಟಿಸಿದವರು ಬಾಗಿಲ ಮೇಲೆ ಬರೆಯಿಸಲು ಕೇಳುತ್ತಾರೆ. ಟ್ರ್ಯಾಕ್ಟರಿಗೆ ಹೆಸರು ಕೇಳಿದವರೂ ಉಂಟು. ಆದರೆ ಕಳೆದ ಶ್ರಾವಣದಲ್ಲಿ ಒಬ್ಬ ತಾಯಿ, ಶಾಲೆಯ ಶಿಕ್ಷಕಿ, ಒಂದು ನೋಟುಬುಕ್ಕು ಹಿಡಿದುಕೊಂಡು ಬಂದಳು.

"ಅಪ್ಪಾರ, ನಾ ಒಂದಿಷ್ಟು ಬರೀತೀನ್ರಿ. ಪತ್ರಿಕೆಗೆ ಕಳಸಬೇಕಂತ ಮಾಡೀನಿ. ನನ್ನ ಹೆಸರು ಹಾಕಾಕ ಬರೂದಿಲ್ರಿ. ಒಂದು ಕಾವ್ಯನಾಮ ಕೊಡ್ರಿ" ಎಂದಳು.

ಯಾಕವ್ವಾ, ನಿನ್ನ ಹೆಸರಿಗೆ ಏನಾಗಿದೆ ಎಂದು ಕೇಳಿದೆ.

"ನನ್ನ ಹೆಸರಿಗೇನೂ ಆಗಿಲ್ರಿ. ಮನಿ ಹೆಸರಿಗೆ ಏನರ ಆದೀತಂತ ಅಂಜಿಕಿ."

ಅಂದೇ ಉತ್ತರ ಕೊಡಲು ಆಗಲಿಲ್ಲ. ನೋಟುಬುಕ್ಕು ಇಟ್ಟುಹೋಗು, ಹುಣ್ಣಿಮೆಗೆ ಬಾ ಎಂದು ಕಳುಹಿಸಿದೆ. ಅವಳಿಗೆ ಆಮೇಲೆ ಹೇಳಿದ್ದನ್ನೇ ಇಂದು ನಿಮ್ಮ ಮುಂದೆಯೂ ಹೇಳಬೇಕೆನಿಸಿದೆ. ಏಕೆಂದರೆ ಈಗ ಬರೆಯದವರು ಯಾರಿದ್ದಾರೆ? ಎಲ್ಲರ ಕೈಯಲ್ಲಿಯೂ ಮೊಬೈಲು ಉಂಟು. ಮುಂಜಾನೆ ಬರೆದದ್ದನ್ನು ಸಂಜೆಯೊಳಗೆ ಸಾವಿರ ಮಂದಿ ಓದುತ್ತಾರೆ. ಸ್ವಂತ ಹೆಸರಿನಲ್ಲಿ ಬರೆಯುವವರೂ ಇದ್ದಾರೆ, ಕಟ್ಟಿಕೊಂಡ ಹೆಸರಿನಲ್ಲಿ ಬರೆಯುವವರೂ ಇದ್ದಾರೆ.

ಕಟ್ಟಿಕೊಂಡ ಹೆಸರೆಂದರೆ ಕಳ್ಳ ಹೆಸರೆಂದು ತಿಳಿಯಬೇಡಿರಿ. ಕನ್ನಡದಲ್ಲಿ ಹಿರಿಯರೆನಿಸಿದ ಅನೇಕರು ಇನ್ನೊಂದು ಹೆಸರಿನಿಂದ ಬರೆದರು. ಧಾರವಾಡದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಅಂಬಿಕಾತನಯದತ್ತರಾದರು. ಅಂಬಿಕೆಯ ಮಗ ದತ್ತ ಎಂದು ಅದರ ಅರ್ಥ. ತಂದೆಯ ಹೆಸರು ಸರಕಾರದ ಕಾಗದಕ್ಕೆ, ತಾಯಿಯ ಹೆಸರು ಕವಿತೆಗೆ! ಕುವೆಂಪು ಅವರು ಮೊದಮೊದಲು ಕಿಶೋರಚಂದ್ರವಾಣಿ ಎಂದು ಬರೆಯುತ್ತಿದ್ದರು. ಆಮೇಲೆ ಅಷ್ಟು ಅಲಂಕಾರ ಬೇಡವೆನಿಸಿತೋ ಏನೋ, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದರ ಮೊದಲಕ್ಷರಗಳನ್ನೇ ಇಟ್ಟುಕೊಂಡರು. ಊರು, ತಂದೆ, ತಾನು, ಮೂರೂ ಮೂರಕ್ಷರದಲ್ಲಿ ಬಂದುವು. ಮಾಸ್ತಿಯವರು ಶ್ರೀನಿವಾಸ, ಗೋಕಾಕರು ವಿನಾಯಕ, ಬೆಟಗೇರಿ ಕೃಷ್ಣಶರ್ಮರು ಆನಂದಕಂದ. ಪಂಜೆ ಮಂಗೇಶರಾಯರು ತಮ್ಮನ್ನು ಕವಿಶಿಷ್ಯ ಎಂದು ಕರೆದುಕೊಂಡರು. ನಾಲ್ಕು ಸಾಲು ಬರೆದೊಡನೆ ಹೆಸರಿನ ಹಿಂದೆ 'ಕವಿ' ಎಂದು ಸೇರಿಸಿಕೊಳ್ಳುವವರು ಇದನ್ನು ಕೇಳಿರಬೇಕು.

ಅಳುಕಿನಿಂದ ಹೆಸರು ಮರೆಸಿದವರೂ ಉಂಟು. ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ಡ್ರಿಲ್ ಮಾಸ್ತರ. ತಾನು ಬರೆದುದನ್ನು ಹಳೆಯ ಕಾವ್ಯವೆಂದು ಹೇಳಿ ಮೈಸೂರಿನ ಪತ್ರಿಕೆಗೆ ಕಳುಹಿಸಿದ. ಡ್ರಿಲ್ ಮಾಸ್ತರ ಬರೆದನೆಂದರೆ ಪಂಡಿತರು ಓದುತ್ತಿದ್ದರೆ? 1901ರಲ್ಲಿ, 31ರ ಪ್ರಾಯದಲ್ಲಿ ತೀರಿಕೊಂಡ. ಮುದ್ದಣನೆಂದರೆ ಇವನೇ ಎಂದು ನಾಡು ಕೊಂಡಾಡುವ ಹೊತ್ತಿಗೆ ಆತ ಇರಲಿಲ್ಲ.

ಇನ್ನು ಹೆಣ್ಣುಮಕ್ಕಳ ಪಾಡು. ಕೊಡಗಿನ ಗೌರಮ್ಮನವರ ಕಥೆಗಳು 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂಬ ಹೆಸರಿನಲ್ಲಿ ಬಂದುವು. ಗಂಡನ ಹೆಸರಿನ ನೆರಳಿನಲ್ಲಿ ನಿಂತು, ವಿಧವೆಯರ ಬಾಳನ್ನು ಕಂಡಂತೆ ಬರೆದ ತಾಯಿ ಆಕೆ. 1939ರಲ್ಲಿ 27ನೆಯ ವಯಸ್ಸಿಗೆ ಹೊಳೆಯ ಪಾಲಾದರು. ಮೈಸೂರಿನ ಅನಸೂಯಾ ಶಂಕರ್ ಅವರು ತ್ರಿವೇಣಿಯಾಗಿ 'ಶರಪಂಜರ'ದಂಥ ಕಾದಂಬರಿ ಕೊಟ್ಟರು. ಬಿಸಿಲಿಗೆ ಸೆರಗು ಮರೆಮಾಡಿಕೊಂಡ ಮಾತ್ರಕ್ಕೆ ಹೆಣ್ಣುಮಗಳು ಮುಖ ಮುಚ್ಚಿಕೊಂಡಳೆಂದು ಬೈಯುವುದುಂಟೆ? ಆದ್ದರಿಂದ ಆ ಶಿಕ್ಷಕಿ ಹೆಸರು ಕೇಳಿದ್ದು ತಪ್ಪಲ್ಲ.

ಆದರೆ ನಮ್ಮ ಶರಣರ ಅಂಕಿತದ ಪರಿ ಬೇರೆ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ. ಹೇಳಿದವನ ಹೆಸರು ಅಲ್ಲಿಲ್ಲ. ಯಾರ ಮುಂದೆ ನಿಂತು ಹೇಳಿದೆನೋ ಆತನ ಹೆಸರು ಉಂಟು. ಆಯ್ದಕ್ಕಿ ಲಕ್ಕಮ್ಮ ತಾಯಿಯ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನ ಹೆಸರನ್ನು ಅಂಕಿತದಲ್ಲಿಟ್ಟುಕೊಂಡೇ ಗಂಡನನ್ನು ತಿದ್ದಿದಳು. ಅಕ್ಕಿ ಹೆಚ್ಚಾಯಿತು, ತಂದಲ್ಲಿಯೇ ಸುರಿದು ಬಾ ಎಂದಳು. ಫ.ಗು. ಹಳಕಟ್ಟಿಯವರು ತಾಳೆಗರಿ ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚಿಗೆ ತಂದಾಗ ಯಾವ ವಚನ ಯಾರದೆಂದು ಕೈಹಿಡಿದು ತೋರಿಸಿದ್ದು ಈ ಅಂಕಿತಗಳೇ. ಬಸವಣ್ಣನವರ ಅಂಕಿತವನ್ನು ಬದಲಿಸಿ ಅಚ್ಚುಹಾಕಿದ ಒಂದು ಪುಸ್ತಕವನ್ನು ಸರಕಾರ 1998ರಲ್ಲಿ ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ವಾದ ಇಂದು ನಮಗೆ ಬೇಡ. ಒಂದು ಹೆಸರಿಗೆ ಎಷ್ಟು ತೂಕವಿದೆ ನೋಡಿರಿ, ಅಷ್ಟೆ.

ಈಗ ಒಂದು ಪ್ರಶ್ನೆ ಕೇಳುತ್ತೇನೆ. ಶರಣರಲ್ಲಿ ಅತ್ಯಂತ ನಿಷ್ಠುರವಾಗಿ ಮಾತಾಡಿದವರು ಯಾರು? ಅಂಬಿಗರ ಚೌಡಯ್ಯ. ಯಾರನ್ನೂ ಬಿಟ್ಟವನಲ್ಲ ಆತ. ಅವನ ಅಂಕಿತ ಯಾವುದು? ಅಂಬಿಗರ ಚೌಡಯ್ಯ! ತನ್ನ ಹೆಸರು, ತನ್ನ ಕಾಯಕ. ಬೈದವನು ನಾನು, ದೋಣಿಯ ಬಳಿ ಇದ್ದೇನೆ, ಉತ್ತರ ಕೊಡುವುದಿದ್ದರೆ ಬನ್ನಿ ಎಂದಂತಾಯಿತು. ಸೂಳೆ ಸಂಕವ್ವೆಯದು ಉಳಿದು ಬಂದದ್ದು ಒಂದೇ ವಚನ. ಅವಳ ಅಂಕಿತ ನಿರ್ಲಜ್ಜೇಶ್ವರ. ಲೋಕ ಅವಳಿಗೆ ಲಜ್ಜೆಯಿಲ್ಲ ಎಂದಿತು. ಆ ಮಾತನ್ನೇ ಎತ್ತಿ ದೇವರ ಹೆಸರಿಗೆ ಇಟ್ಟಳು. ಇದನ್ನು ಎಷ್ಟು ಸಲ ನೆನೆದರೂ ನನಗೆ ಮಾತು ನಿಲ್ಲುತ್ತದೆ.

ಇದನ್ನು ಹೇಳುವ ಅಧಿಕಾರ ನನಗಿಲ್ಲ. ಏಕಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. 1974ರ ಮಾತು. ಒಂದು ಊರಿನ ಉಚಿತ ಪ್ರಸಾದ ನಿಲಯದಲ್ಲಿದ್ದು ಓದುತ್ತಿದ್ದೆ. ಹುಡುಗರೆಲ್ಲ ಕೂಡಿ ಒಂದು ಗೋಡೆ ಪತ್ರಿಕೆ ಮಾಡಿದ್ದೆವು. ಆ ವರ್ಷ ರೊಟ್ಟಿ ದಿನದಿನಕ್ಕೆ ತೆಳ್ಳಗಾಗುತ್ತ ಬಂದುವು. ಅಡಿಗೆಯವನು ಹಿಟ್ಟನ್ನು ಮನೆಗೆ ಒಯ್ಯುತ್ತಾನೆಂದು ಯಾರೋ ಅಂದರು. ನಾನು ನೋಡಿರಲಿಲ್ಲ. ನೋಡಿದವರನ್ನು ಕೇಳಿಯೂ ಇರಲಿಲ್ಲ. ಆದರೂ ಒಂದು ಪುಟ ಬರೆದು ಅಂಟಿಸಿದೆ. ಅಡಿಗೆಯವನ ಹೆಸರನ್ನು ಅವನ ಅಡ್ಡಹೆಸರು ಸಹಿತ ಬರೆದೆ. ಕೆಳಗೆ ನನ್ನ ಹೆಸರಿನ ಬದಲು 'ಸತ್ಯಪ್ರಿಯ' ಎಂದು ಬರೆದೆ. ಹದಿನೇಳರ ವಯಸ್ಸು, ಬಲು ಸೊಗಸಾದ ಹೆಸರೆಂದು ಹಿಗ್ಗಿದೆ.

ಆತನಿಗೆ ಓದು ಬರುತ್ತಿರಲಿಲ್ಲ. ಹುಡುಗರು ಗೋಡೆ ನೋಡಿ ನಗುವುದನ್ನು ಕಂಡು, ಯಾರನ್ನು ಕರೆದ ಬಲ್ಲಿರಾ? ನನ್ನನ್ನೇ! "ತಮ್ಮಾ, ಏನ್ ಬರದಾರ, ಓದಿ ಹೇಳು" ಎಂದ. ಓದಿದೆ. ನನ್ನ ಬಾಯಿಂದಲೇ ಓದಿದೆ. ಎಲ್ಲ ಕೇಳಿ, "ಬರದವರು ಯಾರು?" ಎಂದ. ಕೆಳಗೆ ಸತ್ಯಪ್ರಿಯ ಅಂತ ಐತಿ ಎಂದೆ.

"ಆ ಹೆಸರಿನ ಹುಡುಗ ನಮ್ಮಲ್ಲಿ ಇಲ್ಲಲ್ಲೋ. ಇದ್ದಿದ್ರ ಅವನ ಕೂಡ ಮಾತಾಡತಿದ್ದೆ" ಎಂದ.

ಎದುರಿಗೇ ನಿಂತಿದ್ದೆ. ಸುಮ್ಮನಿದ್ದೆ. ಮರುದಿನ ಆತ ಅಡಿಗೆಮನೆಗೆ ಬರಲಿಲ್ಲ. ಗಿರಣಿಯಲ್ಲಿ ತೂಕದ ಮೋಸ ನಡೆದಿತ್ತೆಂದು ಒಂದು ತಿಂಗಳಾದ ಮೇಲೆ ಗೊತ್ತಾಯಿತು. ಅವನ ಊರಿಗೆ ಹೋಗಿ ಹೇಳಬೇಕೆಂದು ಹಲವು ವರ್ಷ ಅಂದುಕೊಂಡೆ. ಹೋದಾಗ ಆತ ಲಿಂಗೈಕ್ಯನಾಗಿ ಎರಡು ವರ್ಷವಾಗಿತ್ತು.

ನೋಡಿರಿ, ನನ್ನ ಹೆಸರು ಮರೆಯಲ್ಲಿತ್ತು. ಅವನ ಹೆಸರಿಗೆ ಮರೆ ಇರಲಿಲ್ಲ. ಬರೆಯುವವನು ಕಾವ್ಯನಾಮ ಹುಡುಕುತ್ತಾನೆ. ಬರೆಯಿಸಿಕೊಂಡವನಿಗೆ ಕಾವ್ಯನಾಮ ಯಾರು ಕೊಡಬೇಕು?

ಇದೇ ನೆನಪಿನಲ್ಲಿ ಆ ಶಿಕ್ಷಕಿಯ ನೋಟುಬುಕ್ಕು ಓದಿದೆ. ಚೆನ್ನಾಗಿ ಬರೆದಿದ್ದಳು. ಗಂಡ ತೀರಿಕೊಂಡು ತವರಿಗೆ ಬಂದ ಒಬ್ಬ ಹೆಣ್ಣುಮಗಳು. ಮನೆಯಲ್ಲಿ ಮದುವೆ. ಅರಿಷಿಣ ಹಚ್ಚುವ ಹೊತ್ತಿಗೆ ಅವಳನ್ನು ಕಾಳಿನ ಕೋಣೆಗೆ ಕಳುಹಿಸಿ ಬಾಗಿಲು ಮುಂದೆ ಮಾಡುತ್ತಾರೆ. ಹಾಡು ಒಳಗೆ ಕೇಳುತ್ತದೆ. ಓದಿ ನನ್ನ ಕಣ್ಣು ತುಂಬಿದುವು.

ಹುಣ್ಣಿಮೆಗೆ ಬಂದಳು. ಇವಳು ಯಾರವ್ವಾ ಎಂದೆ. "ನನ್ನ ನಾದಿನಿರಿ. ಆದರ ಹೆಸರು ಬದಲ ಮಾಡೀನ್ರಿ" ಎಂದಳು. ಅಗಸೆಯ ಹತ್ತಿರದ ಮನೆ, ಮುಂದೆ ಎರಡು ಬೇವಿನ ಗಿಡ ಎಂದು ಬರೆದಿದ್ದೀಯಲ್ಲ, ನಿಮ್ಮ ಊರಿನವರಿಗೆ ಇನ್ನೇನು ಬೇಕು ಎಂದೆ. ಅವಳು ಮಾತಾಡಲಿಲ್ಲ. ನಾದಿನಿ ಇದನ್ನು ಓದಿದ್ದಾಳೆಯೇ ಎಂದೆ. ಇಲ್ಲವೆಂದು ತಲೆಯಾಡಿಸಿದಳು.

ಮೊದಲು ಅವಳ ಮುಂದೆ ಕುಳಿತು ಓದು. ಅವಳು ಬೇಡವೆಂದರೆ ನೋಟುಬುಕ್ಕು ಮುಚ್ಚಿಡು. ಹೂಂ ಎಂದರೆ ಯಾವ ಹೆಸರನ್ನಾದರೂ ಇಟ್ಟುಕೋ, ಆದರೆ ಒಂದೇ ಹೆಸರಿರಲಿ. ಹಬ್ಬಕ್ಕೊಂದು ಸೀರೆಯಂತೆ ಬದಲಿಸಬೇಡ. ಸಂಪಾದಕರಿಗೆ ನಿಜವಾದ ಹೆಸರು, ವಿಳಾಸ ತಿಳಿಸು. ಯಾರಾದರೂ ಬಂದು ಇದು ಸುಳ್ಳು ಎಂದರೆ ಉತ್ತರ ಕೊಡಲು ಒಬ್ಬರಿರಬೇಕು. ಹೀಗೆಂದು ಹೇಳಿ ಕಳುಹಿಸಿದೆ. ಹೆಸರು ಮಾತ್ರ ಕೊಡಲಿಲ್ಲ.

ದಸರೆ ಕಳೆದ ಮೇಲೆ ಇಬ್ಬರೂ ಕೂಡಿಯೇ ಬಂದರು. ನಾದಿನಿ ಎಲ್ಲ ಕೇಳಿದಳಂತೆ. ಬೇವಿನ ಗಿಡ ತೆಗೆಯಿಸಿದಳಂತೆ. ತನ್ನ ಗಂಡನ ವಿಷಯದ ಒಂದು ಮಾತನ್ನು ಹೊಡೆದುಹಾಕಿದಳಂತೆ. ಕಾಳಿನ ಕೋಣೆಯ ಭಾಗ ಬಂದಾಗ, "ವೈನಿ, ನೀ ಬಾಳ ಕಡಿಮಿ ಬರದೀ. ನೀ ಹೊರಗಿದ್ದಿ" ಎಂದು ಪೆನ್ನು ಇಸಿದುಕೊಂಡು ತಾನೇ ಆರು ಸಾಲು ಬರೆದಳಂತೆ. ಆ ಆರು ಸಾಲೇ ಅದರಲ್ಲಿ ಎಲ್ಲಕ್ಕಿಂತ ಚೆನ್ನಾಗಿವೆ. ಇದನ್ನು ಶಿಕ್ಷಕಿಯೇ ಒಪ್ಪಿದಳು.

ಬರೆಹ ಅಚ್ಚಾಯಿತು. ಇಬ್ಬರೂ ಕೂಡಿ ಒಂದು ಹೆಸರು ಇಟ್ಟುಕೊಂಡಿದ್ದಾರೆ. ಅತ್ತೆಗೆ ಸೊಸೆಯೇ ಅದನ್ನು ಓದಿ ಹೇಳಿದಳಂತೆ. "ಯಾರೋ ನಮ್ಮ ಮನ್ಯಾಗ ಕುಂತು ನೋಡಿದಂಗ ಬರದಾರ" ಎಂದು ಆ ಹಿರಿಯಳು ಬಹಳ ಹೊತ್ತು ಸುಮ್ಮನೆ ಕುಳಿತಳಂತೆ. ಆಮೇಲೆ ಹೆಸರೇನು ಎಂದು ಕೇಳಿದಳಂತೆ. ಸೊಸೆ ಹೇಳಿದಳು. ನನಗೂ ಹೇಳಿದ್ದಾಳೆ. ಅದು ಯಾವ ಹೆಸರೆಂದು ಮಾತ್ರ ನೀವು ನನ್ನನ್ನು ಕೇಳಬೇಡಿರಿ.